ಪ್ರೋಟೀನ್ ಸ್ಕಿಮ್ಮರ್ ಉಕ್ಕದಂತೆ ನೋಡಿಕೊಳ್ಳುವುದು ಹೇಗೆ

ಪ್ರೋಟೀನ್ ಸ್ಕಿಮ್ಮರ್ ಎಂದರೆ ನೀರಿಗೆ ಗಾಳಿಯ ಸಣ್ಣ ಗುಳ್ಳೆ ಬೆರೆಸಿ, ಕೊಳೆಯನ್ನು ನೊರೆಯ ರೂಪದಲ್ಲಿ ಕತ್ತಿನ ಮೂಲಕ ಮೇಲಿನ ಕಪ್ಪಿಗೆ ಏರಿಸುವ ಸಾಧನ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಈ ಕಪ್ ತುಂಬಿ ಹರಿದರೆ ನೆಲ ಒದ್ದೆಯಾಗುವುದಷ್ಟೇ ಅಲ್ಲ, ಟ್ಯಾಂಕಿನ ಉಪ್ಪೂ ಆಚೆ ಹೋಗುತ್ತದೆ. 200 ಲೀಟರಿನ ವ್ಯವಸ್ಥೆಯಿಂದ 10 ಲೀಟರ್ ನೀರು ಹೊರಬಿದ್ದು, ಕಡಿಮೆಯಾದ ನೀರನ್ನು ತಾನಾಗಿ ತುಂಬುವ ಆಟೋ ಟಾಪ್‌ಅಪ್ ಆ ಜಾಗಕ್ಕೆ ಉಪ್ಪಿಲ್ಲದ ಆರ್‌ಓ ನೀರು ತುಂಬಿಸಿದರೆ, ಸಾವಿರಕ್ಕೆ 35 ಭಾಗವಿದ್ದ ಲವಣಾಂಶ 33.25ಕ್ಕೆ ಇಳಿಯುತ್ತದೆ. ಒಂದೇ ರಾತ್ರಿಯಲ್ಲಿ ಇಷ್ಟು ಬದಲಾದರೆ ಹವಳಗಳಿಗೆ ಕಷ್ಟ.

ಉಕ್ಕಿದ ಕೂಡಲೇ ವಾಲ್ವ್ ತಿರುಗಿಸಬೇಡಿ. ಸ್ಕಿಮ್ಮರ್ ಉಕ್ಕುವುದು ಎರಡು ಬಗೆಯಲ್ಲಿ: ಅದರ ಒಡಲೊಳಗಿನ ನೀರಿನ ಮಟ್ಟ ಏರಿರುತ್ತದೆ, ಇಲ್ಲವೇ ನೀರಿನ ಗುಣವೇ ಬದಲಾಗಿ ನೊರೆ ಹೆಚ್ಚಿರುತ್ತದೆ. ಯಾವುದೆಂದು ತಿಳಿಯಲು, ಎಲ್ಲ ಪಂಪುಗಳೂ ಸರಿಯಾಗಿ ಓಡುತ್ತಿರುವ ದಿನ ಸಂಪಿನ (ಟ್ಯಾಂಕಿನ ಕೆಳಗೆ ಸ್ಕಿಮ್ಮರ್ ಇಡುವ ತೊಟ್ಟಿಯ) ಗಾಜಿನ ಮೇಲೆ ಸ್ಕಿಮ್ಮರ್ ಇರುವ ಕೋಣೆಯ ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಒಂದು ಗೀಟು ಹಾಕಿಡಿ. ಉಕ್ಕಿದಾಗ ನೀರು ಗೀಟಿಗಿಂತ ಮೇಲಿದ್ದರೆ ಮಟ್ಟದ ತೊಂದರೆ. ಗೀಟಿನಲ್ಲೇ ಇದ್ದರೆ ನೀರಿಗೆ ಏನು ಬಿದ್ದಿದೆ, ಗಾಳಿಯ ಕೊಳವೆ ಕಟ್ಟಿದೆಯೇ ಎಂದು ಹುಡುಕಿ.

ಮಟ್ಟ ಏರಲು ನಮ್ಮ ಊರುಗಳಲ್ಲಿ ದೊಡ್ಡ ಕಾರಣ ಕರೆಂಟು. ಕರೆಂಟು ಹೋದೊಡನೆ, ಸಂಪಿನ ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪು ನಿಂತು, ಮೇಲಿನ ಟ್ಯಾಂಕಿನ ನೀರು ಸಂಪಿಗೆ ಇಳಿಯುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಬರೀ 3 ಸೆಂ.ಮೀ. ಇಳಿದರೂ 12 ಲೀಟರಿಗೂ ಹೆಚ್ಚು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಸಂಪಿನಲ್ಲಿ ಅಷ್ಟು ನೀರು ಸುಮಾರು 6.7 ಸೆಂ.ಮೀ. ಏರುತ್ತದೆ. ಕರೆಂಟು ಬಂದಾಗ ಸ್ಕಿಮ್ಮರೂ ರಿಟರ್ನ್ ಪಂಪೂ ಒಟ್ಟಿಗೆ ಶುರುವಾದರೆ, ಸಂಪಿನ ನೀರು ಇಳಿಯುವ ಮೊದಲೇ ಹಾಲು ಉಕ್ಕಿದ ಹಾಗೆ ನೊರೆ ಕತ್ತು ದಾಟಿರುತ್ತದೆ. ಕಪ್ಪಿನಲ್ಲಿ ವಾರವಿಡೀ ಸೇರಿದ್ದ ಕೊಳೆಯೂ ತೊಳೆದು ಸಂಪಿಗೆ ಮರಳುತ್ತದೆ.

ಇದಕ್ಕೆ ಸ್ಕಿಮ್ಮರಿನ ಪ್ಲಗ್ಗಿಗೆ ಕರೆಂಟು ಬಂದ ಮೇಲೆ ತುಸು ತಡೆದು ಚಾಲೂ ಮಾಡುವ ಆನ್-ಡಿಲೇ ಟೈಮರ್ ಹಾಕಿ, 10 ನಿಮಿಷಕ್ಕೆ ಇಡಿ. ಆಹಾರ ಹಾಕಲು ರಿಟರ್ನ್ ನಿಲ್ಲಿಸಿದಾಗಲೂ ಸ್ಕಿಮ್ಮರ್ ನಿಲ್ಲಿಸಿ. ರಿಟರ್ನ್ ಪಂಪನ್ನು ಬಿಟ್ಟು ಸ್ಕಿಮ್ಮರನ್ನು ಮಾತ್ರ ಇನ್ವರ್ಟರಿಗೆ ಜೋಡಿಸಲೇಬೇಡಿ. ಕರೆಂಟು ಬರುವವರೆಗೂ ಅದು ಏರಿದ ನೀರಿನಲ್ಲೇ ಓಡುತ್ತಾ ಉಕ್ಕುತ್ತಿರುತ್ತದೆ. ರಿಟರ್ನ್ ಪೈಪಿನಲ್ಲಿ ನೀರಿನ ಮೇಲ್ಮೈಗೆ ತುಸು ಕೆಳಗೆ 6 ಮಿ.ಮೀ. ತೂತು ಕೊರೆದರೆ ಗಾಳಿ ಸೇರಿ ಸೈಫನ್ (ಪೈಪಿನಲ್ಲಿ ನೀರು ತಾನಾಗಿ ಹಿಂದಕ್ಕೆ ಹರಿಯುವುದು) ಬೇಗ ಮುರಿಯುತ್ತದೆ, ಇಳಿಯುವ ನೀರೂ ಕಡಿಮೆ. ಪಾಚಿ ಆ ತೂತನ್ನು ಮುಚ್ಚುವುದುಂಟು, ತಿಂಗಳಿಗೊಮ್ಮೆ ಕಡ್ಡಿ ಆಡಿಸಿ.

ಸ್ಕಿಮ್ಮರ್ ಎಷ್ಟು ಆಳದ ನೀರಿನಲ್ಲಿ ನಿಲ್ಲಬೇಕೆಂದು ತಯಾರಕರು ಕೊಟ್ಟಿರುತ್ತಾರೆ. ಸಂಪಿನ ನೀರು ಅದಕ್ಕಿಂತ ಆಳವಾಗಿದ್ದರೆ ಅಕ್ರಿಲಿಕ್ ಪೀಠ ಮಾಡಿ ಸ್ಕಿಮ್ಮರನ್ನು ಎತ್ತರಿಸಿ. ಆಮೇಲಷ್ಟೇ ವಾಲ್ವಿನ ಸರದಿ. ನೀರು ಹೊರಹೋಗುವ ವಾಲ್ವನ್ನು ಮುಚ್ಚಿದಷ್ಟೂ ಒಡಲೊಳಗಿನ ಮಟ್ಟ ಏರುತ್ತದೆ. ಪೂರ್ತಿ ತೆರೆದು ಶುರುಮಾಡಿ, ಕೂದಲೆಳೆಯಷ್ಟೇ ಮುಚ್ಚಿ, ಒಂದು ದಿನ ಕಾಯಿರಿ. ಹಾಲಿನಂತೆ ಬೆಳ್ಳಗಿರುವ ನೀರು ಕತ್ತಿನ ಬುಡದಲ್ಲಿ ಮುಗಿದು, ಅಲ್ಲಿಂದ ಮೇಲೆ ಒಣ ನೊರೆ ಏರಬೇಕು. ಕಪ್ಪಿನಲ್ಲಿ ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಣ್ಣದ ಗಟ್ಟಿ ದ್ರವ ಬಂದರೆ ಹದ ಸರಿ. ತೆಳು ಚಹಾದ ಬಣ್ಣ ಬಂದರೆ ತುಸು ತೆರೆಯಿರಿ.

ಗೀಟು ಸರಿಯಿದ್ದೂ ಉಕ್ಕುತ್ತಿದ್ದರೆ ಕಳೆದ ಎರಡು ದಿನ ನೀರಿಗೆ ಏನು ಹೋಯಿತೆಂದು ನೆನಪಿಸಿಕೊಳ್ಳಿ. ಹವಳ ಅಂಟಿಸುವ ಎಪಾಕ್ಸಿ, ಮೀನಿನ ಲೋಳೆಪದರ ಕಾಯುವ ಬಗೆಯ ವಾಟರ್ ಕಂಡೀಷನರ್, ಕೆಂಪು ಲೋಳೆಪಾಚಿಗೆ ಹಾಕುವ ಔಷಧಿ, ಕೈಯಲ್ಲಿ ಉಳಿದ ಸೋಪು: ಇವೆಲ್ಲ ನೊರೆ ಎಬ್ಬಿಸುತ್ತವೆ. ವಾಲ್ವಿನಿಂದ ಇದು ಸರಿಹೋಗದು. ಔಷಧಿಯ ಅವಧಿಯಲ್ಲಿ ಸ್ಕಿಮ್ಮರ್ ನಿಲ್ಲಿಸಿ, ಆಮ್ಲಜನಕಕ್ಕೆ ಏರ್‌ಸ್ಟೋನ್ ಹಾಕಿ. ಅವಧಿ ಮುಗಿದ ಮೇಲೆ ನೀರು ಬದಲಿಸಿ, ತಾಜಾ ಆಕ್ಟಿವೇಟೆಡ್ ಕಾರ್ಬನ್ ಇಡಿ. ಹೊಸ ಸ್ಕಿಮ್ಮರ್ ಕೂಡ ತಯಾರಿಕೆಯ ಎಣ್ಣೆಯಂಶ ಹೋಗುವ ತನಕ, ಅಂದರೆ ಒಂದೆರಡು ವಾರ, ಹೇಳಿದಂತೆ ಕೇಳುವುದಿಲ್ಲ. ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ತೊಳೆದು ಹಾಕಿದರೆ ಬೇಗ ಹದಕ್ಕೆ ಬರುತ್ತದೆ.

ಗಾಳಿ ಎಳೆಯುವ ರಂಧ್ರದಲ್ಲಿ ಉಪ್ಪು ಹೆಪ್ಪುಗಟ್ಟಿದರೂ ಇದೇ ತೊಂದರೆ. ಗಾಳಿ ಕಡಿಮೆಯಾದಷ್ಟೂ ಪಂಪು ಹೆಚ್ಚು ನೀರು ಎಳೆದು ಮಟ್ಟ ಏರಿಸುತ್ತದೆ. ಎರಡು ವಾರಕ್ಕೊಮ್ಮೆ, ಪಂಪು ಓಡುತ್ತಿರುವಾಗಲೇ, ಗಾಳಿ ಕೊಳವೆಯ ತುದಿಯನ್ನು ಅರ್ಧ ಲೋಟ ಉಗುರುಬೆಚ್ಚಗಿನ ಆರ್‌ಓ ನೀರಿನಲ್ಲಿ ಅದ್ದಿ ಎಳೆಯಲು ಬಿಡಿ.

ಊರಿಗೆ ಹೋಗುವ ಮುನ್ನ ಕಪ್ಪಿನ ಡ್ರೈನ್ ಪೈಪನ್ನು 5 ಲೀಟರಿನ ಕ್ಯಾನಿಗೆ ಇಳಿಸಿ. ಕ್ಯಾನಿನ ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತಿರಲಿ, ಇಲ್ಲದಿದ್ದರೆ ಒಳಗಿನ ಗಾಳಿ ತಡೆದು ಕಪ್ಪೇ ತುಂಬುತ್ತದೆ. ಕ್ಯಾನು ಮುಕ್ಕಾಲು ತುಂಬಿದಾಗ ಸ್ಕಿಮ್ಮರಿನ ಕರೆಂಟು ಕಡಿಯುವಂತೆ ಫ್ಲೋಟ್ ಸ್ವಿಚ್ ಜೋಡಿಸಿ, ಕ್ಯಾನಿಗೆ ನಲ್ಲಿ ನೀರು ತುಂಬಿಸಿ ಪಂಪು ನಿಲ್ಲುತ್ತದೆಯೇ ಎಂದು ಕಣ್ಣಾರೆ ನೋಡಿಕೊಂಡೇ ಹೊರಡಿ.