ಒಡೆದ ಹಿಮ್ಮಡಿಗೆ ಬ್ಲೇಡು ಬೇಡ

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಬ್ಲೇಡು ಹಿಡಿದು ಹಿಮ್ಮಡಿ ಹೆರೆಯಲು ಕೂರುತ್ತಾರೆ. ಸಿಪ್ಪೆ ಎದ್ದು ಬರುತ್ತದೆ, ಕಾಲು ಹಗುರಾದಂತೆ ಅನಿಸುತ್ತದೆ. ಕೆಲವೇ ದಿನಗಳಲ್ಲಿ ಅದೇ ಜಾಗ ಮತ್ತೆ ದಪ್ಪವಾಗಿ ಬಿರಿಯುತ್ತದೆ.

ಯಾಕೆ ಹೀಗೆ? ಚರ್ಮದ ಮೇಲ್ಪದರ ಸತ್ತ ಕೋಶಗಳ ಗೋಡೆ. ಆ ಕೋಶಗಳ ಒಳಗೆ ತುಂಬಿರುವುದು ಕೆರಟಿನ್ ಎಂಬ ಪ್ರೋಟೀನಿನ ಎಳೆಗಳು. ಉಗುರು, ಕೂದಲು ಆಗಿರುವುದೂ ಕೆರಟಿನ್‌ನಿಂದಲೇ. ಎಳೆಗಳು ಗೋಡೆಗೆ ಗಟ್ಟಿತನ ಕೊಡುತ್ತವೆ. ಕೋಶಗಳ ಸಂದಿಯಲ್ಲಿರುವ ಕೊಬ್ಬು ಗಾರೆಯಂತೆ ಕೂತು ನೀರು ಆರದಂತೆ ತಡೆಯುತ್ತದೆ. ಅಂಗಾಲಿನಲ್ಲಿ ಈ ಗೋಡೆ ಬಲು ದಪ್ಪ. ಅಂಗೈ, ಅಂಗಾಲಿಗೆಂದೇ ಕೆರಟಿನ್ 9 ಎಂಬ ಬಗೆಯೊಂದಿದೆ. ಆದರೆ ಎಣ್ಣೆ ಗ್ರಂಥಿಗಳು ಅಲ್ಲಿಲ್ಲ. ನೀರಿನಂಶ ಇರುವ ತನಕ ಕೆರಟಿನ್ ಬಾಗುತ್ತದೆ, ಒಣಗಿದರೆ ಮೈಭಾರಕ್ಕೆ ಸೀಳುತ್ತದೆ. ಒತ್ತಡ, ತಿಕ್ಕಾಟ ಜಾಸ್ತಿಯಾದರೆ ಚರ್ಮ ಇನ್ನಷ್ಟು ಪದರ ಕಟ್ಟುತ್ತದೆ. ಬ್ಲೇಡು ಹೆರೆದ ಜಾಗದಲ್ಲೂ ಆಗುವುದು ಇದೇ.

ಸಕ್ಕರೆ ಕಾಯಿಲೆ ಇರುವವರು, ಪಾದ ಜೋಮು ಹಿಡಿದವರು, ಬಿರುಕಿನಿಂದ ರಕ್ತ ಬರುತ್ತಿರುವವರು ಮುಂದೆ ಹೇಳುವುದನ್ನೆಲ್ಲ ಮನೆಯಲ್ಲಿ ಮಾಡಬೇಡಿ. ಮೊದಲು ವೈದ್ಯರಿಗೆ ತೋರಿಸಿ.

ಮೊದಲ ಹಂತ ಸುಲಭ. ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಕಾಲಿಡಿ. ಅಡುಗೆ ಸೋಡಾ, ಬಟ್ಟೆ ಸೋಪಿನ ಪುಡಿ ಹಾಕಬೇಡಿ. ಅವು ಆ ಕೊಬ್ಬಿನ ಗಾರೆಯನ್ನೇ ಕೆಡಿಸುತ್ತವೆ.

ಎಲ್ಲರೂ ಎಡವುವುದು ಉಜ್ಜುವಾಗ. ನೆನೆದ ಕೆರಟಿನ್ ಉಬ್ಬಿ ಮೆತ್ತಗಿರುತ್ತದೆ, ಎಷ್ಟು ತೆಗೆದರೂ ಇನ್ನೂ ಉಳಿದಿದೆ ಅನಿಸುತ್ತದೆ. ಅಲ್ಲೇ ಕೈ ತಡೆಯಬೇಕು. ಕಾಲನ್ನು ಬಟ್ಟೆಯಿಂದ ಒತ್ತಿ, ನೀರು ತೊಟ್ಟಿಕ್ಕದಷ್ಟು ಒರೆಸಿ. ಒದ್ದೆ ಮಾಡಿದ ಪ್ಯೂಮಿಸ್ ಕಲ್ಲನ್ನು (ಕಾಲುಜ್ಜುವ, ತೂತುತೂತಾದ ಹಗುರ ಕಲ್ಲು) ಒಂದೇ ದಿಕ್ಕಿನಲ್ಲಿ, ಭಾರ ಹಾಕದೆ ಎಳೆಯಿರಿ. ಒಂದು ಹಿಮ್ಮಡಿಗೆ ಹತ್ತು ಹನ್ನೆರಡು ಸಲ ಸಾಕು. ಬಿರುಕಿನ ಅಂಚನ್ನು ಮಾತ್ರ ಸವರಿ, ಒಳಗೆ ಕಲ್ಲು ತುರುಕಬೇಡಿ. ಗುಲಾಬಿ ಬಣ್ಣ ಕಂಡರೆ, ಚುರುಕ್ ಅಂದರೆ, ತಕ್ಷಣ ನಿಲ್ಲಿಸಿ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಉಜ್ಜಲೇಬಾರದು. ಲೋಹದ ತುರಿಮಣೆಯಂಥ ಸಾಧನಗಳನ್ನು ನಾನಂತೂ ಮನೆಗೇ ತರುವುದಿಲ್ಲ.

ಕಾಲು ಪೂರ್ತಿ ಆರುವ ಮೊದಲೇ ಯೂರಿಯಾ ಇರುವ ಕ್ರೀಮು ಹಚ್ಚಿ. ಶೇ 10ರಷ್ಟು ಯೂರಿಯಾ ಇದ್ದರೆ ಅದು ನೀರು ಹಿಡಿದಿಡುತ್ತದೆ. ಶೇ 20ರಿಂದ ಮೇಲಾದರೆ ಕೆರಟಿನ್ ಎಳೆಗಳನ್ನೂ ಸಡಿಲಿಸುತ್ತದೆ, ದಪ್ಪ ಚರ್ಮಕ್ಕೆ ಅದೇ ಒಳ್ಳೆಯದು. ಹಸಿ ಬಿರುಕಿಗೆ ಮಾತ್ರ ಉರಿಯುತ್ತದೆ, ಅಲ್ಲಿ ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು. ಶೇಕಡಾ ಎಷ್ಟೆಂದು ಬರೆಯದ ಡಬ್ಬಿ ಕೊಳ್ಳಬೇಡಿ. ‘ಕೆರಟಿನ್‌ಯುಕ್ತ’ ಎಂಬ ಕ್ರೀಮಿಗೂ ಸುಮ್ನೆ ದುಡ್ಡು ಸುರಿಯಬೇಡಿ. ಹೊರಗಿನಿಂದ ಹಚ್ಚಿದ ಕೆರಟಿನ್ ನಿಮ್ಮ ಚರ್ಮದ ಗೋಡೆಗೆ ಸೇರುವುದಿಲ್ಲ. ಆ ಗೋಡೆಯನ್ನು ಕೆಳಗಿನ ಜೀವಕೋಶಗಳೇ ಕಟ್ಟಬೇಕು.

ಕ್ರೀಮಿನ ಮೇಲೆ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ, ಆಮೇಲೆ ಹತ್ತಿಯ ಕಾಲುಚೀಲ. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಒಣಗಿದ ಕಾಲಿಗೆ ಬರೀ ಎಣ್ಣೆ ಸವರಿದರೆ ಪ್ರಯೋಜನ ಕಡಿಮೆ. ಒಳಗೆ ನೀರಿದ್ದರೆ ತಾನೇ ಅದನ್ನು ಹಿಡಿದಿಡುವುದು?

ಕ್ರೀಮು ದಿನಾ ರಾತ್ರಿ ಬೇಕು, ನಾಲ್ಕೈದು ವಾರವಾದರೂ. ಹಗಲು ಹಿಮ್ಮಡಿ ಮುಚ್ಚುವ ಚಪ್ಪಲಿ ಹಾಕಿಕೊಳ್ಳಿ, ಹಿಂದೆ ತೆರೆದಿದ್ದರೆ ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿ ಪಕ್ಕಕ್ಕೆ ಹರಡಿ ಬಿರುಕು ಬಾಯಿ ತೆರೆಯುತ್ತದೆ.