ಆಷಾಢದ ಭಾನುವಾರ, ಮನೆಮಂದಿಯ ಫೋಟೋ: ಊರಿನ ಸೇವೆಗೆ ಹಣ ಕೂಡಿಸುವುದು ಹೇಗೆ?

ಹಿರಿಯರು ತೀರಿಕೊಂಡ ಮನೆಯಲ್ಲಿ ಹಾರ ಹಾಕಲು ಒಂದು ಫೋಟೋ ಬೇಕು ಅಂದಾಗ ಏನಾಗುತ್ತದೆ ನೋಡಿ. ಹಳೇ ಮದುವೆ ಆಲ್ಬಂ ಹೊರಗೆ ಬರುತ್ತದೆ. ಮೂವತ್ತು ಜನರ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತವರ ಮುಖ ಕತ್ತರಿಸಿ, ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸುತ್ತಾರೆ. ಪಕ್ಕದವರ ಭುಜ ಒಂದಿಷ್ಟು ಅದರಲ್ಲೇ ಉಳಿದಿರುತ್ತದೆ. ಅದೂ ಇಲ್ಲದಿದ್ದರೆ ಆಧಾರ್ ಕಾರ್ಡಿನ ಫೋಟೋ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೂ ಅಜ್ಜಿಯದ್ದೇ ಅಂತ ಒಂದು ಒಳ್ಳೆಯ ಫೋಟೋ ಎಷ್ಟೋ ಮನೆಗಳಲ್ಲಿ ಇಲ್ಲ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ವರ್ಷಕ್ಕೊಂದು ಭಾನುವಾರ ನಾವು ಫೋಟೋ ದಿನ ಮಾಡುವುದು ಇದಕ್ಕೇ. ಫೋಟೋಗ್ರಾಫರ್‌ಗಳು ಸಂಬಳವಿಲ್ಲದೆ ದುಡಿಯುತ್ತಾರೆ. ಮನೆಮಂದಿ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಕೂಡಿದ ಹಣ ಹತ್ತಿರದ ವೃದ್ಧಾಶ್ರಮಕ್ಕೆ, ಸರ್ಕಾರಿ ಶಾಲೆಗೆ ಹೋಗುತ್ತದೆ. ನಿಮ್ಮ ಊರಿನಲ್ಲೂ ಮಾಡಬಹುದು. ಎರಡು ಮಾತು ಮಾತ್ರ ತಪ್ಪಬಾರದು: ಪ್ರಿಂಟ್ ಅವತ್ತೇ ಮನೆಯವರ ಕೈಗೆ ಸಿಗಬೇಕು, ಹಣ ಅವತ್ತೇ ಸಂಸ್ಥೆಗೆ ಸೇರಬೇಕು.

ದಿನ ಹುಡುಕುವುದು

ಆಷಾಢ ಹಿಡಿಯಿರಿ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು ಅದು. ಮದುವೆ ಸೀಸನ್ನಿನಲ್ಲಿ ಫೋನ್ ಎತ್ತಲೂ ಪುರುಸೊತ್ತಿಲ್ಲದ ಸ್ಟುಡಿಯೋದವರು ಆಗ ಮನೆಯಲ್ಲಿರುತ್ತಾರೆ. ಲೈಟು, ಪರದೆ, ಸ್ಟ್ಯಾಂಡುಗಳೂ ಖಾಲಿ ಇರುತ್ತವೆ. ಕಲ್ಯಾಣ ಮಂಟಪದವರನ್ನು ಕೇಳಿದರೆ ಸಣ್ಣ ಹಾಲ್ ಸುಮ್ನೆ ಕೊಡುವವರೂ ಇದ್ದಾರೆ. ಮಲೆನಾಡು, ಕರಾವಳಿಯಲ್ಲಿ ಮಳೆ ಜಾಸ್ತಿ, ವಯಸ್ಸಾದವರು ಹೊರಡುವುದು ಕಷ್ಟ. ಅಲ್ಲಿ ಪಿತೃಪಕ್ಷ ಮುಗಿದು ದಸರೆ ರಜೆ ಶುರುವಾದ ಮೇಲೆ ನೋಡಬಹುದು. ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಅದೇ ದಿನ ಪ್ಯಾರಿಸ್‌ನಲ್ಲಿ ಡಾಗೆರೊಟೈಪ್ ಅನ್ನುವ, ಫೋಟೋ ತೆಗೆಯುವ ಹಳೇ ವಿಧಾನವನ್ನು ಎಲ್ಲರಿಗೂ ತಿಳಿಸಲಾಯಿತು. ಹೆಸರಿಗೆ ಚೆನ್ನಾದ ದಿನವೇ. ಆದರೆ ಆಗ ಶ್ರಾವಣ ಬಂದು ಫೋಟೋಗ್ರಾಫರ್‌ಗಳಿಗೆ ಮತ್ತೆ ಕೆಲಸ ಶುರುವಾಗಿರುತ್ತದೆ.

ಹಣ ಯಾರಿಗೆ, ಯಾವ ದಾರಿಯಲ್ಲಿ

ಒಂದು ಅಥವಾ ಎರಡು ಸಂಸ್ಥೆ ಸಾಕು. ಅವರನ್ನು ನೋಡಿಕೊಂಡು ಬನ್ನಿ. ಏನು ಬೇಕು ಅಂತ ಕೇಳಿ ಬರೆದುಕೊಳ್ಳಿ. ‘ಸೇವಾಕಾರ್ಯಕ್ಕೆ’ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಆಶ್ರಮದ ಹನ್ನೆರಡು ಮಂಚಕ್ಕೆ ಹೊಸ ಹಾಸಿಗೆ’ ಅಂದರೆ ಎದುರುಮನೆಯವರೂ ಬಂದು ವಿಚಾರಿಸುತ್ತಾರೆ.

ಯುಪಿಐ ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಆಗಿರಬೇಕು. ಮೊದಲ ವರ್ಷ ನಾನು ಅವಸರದಲ್ಲಿ ನನ್ನ ಫೋನಿನ ಕೋಡ್ ಇಟ್ಟಿದ್ದೆ. ದುಡ್ಡು ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ಆದರೂ ಯಾರು ಎಷ್ಟು ಕೊಟ್ಟರು, ಯಾವಾಗ ಕೊಟ್ಟರು ಅಂತ ಬಿಡಿಸಿ ಹೇಳುವುದರಲ್ಲಿ ಮೂರು ವಾರ ಕಳೆಯಿತು. ನಂಬಿ ಕೊಟ್ಟವರನ್ನು ಅಷ್ಟು ದಿನ ಕಾಯಿಸಿದ್ದು ನನಗೆ ಈಗಲೂ ನೋವು.

ಫೋಟೋಗೆ ಇಟ್ಟ ದರ ಫೋಟೋದ ಬೆಲೆ. ಅದರ ಮೇಲೆ ಮನಸಾರೆ ಕೊಟ್ಟಿದ್ದು ದಾನ. ಎರಡಕ್ಕೂ ಬೇರೆ ಬೇರೆ ರಸೀದಿ ಪುಸ್ತಕ ಇಟ್ಟರೆ ಆಡಿಟರ್‌ಗೂ ಸುಲಭ. ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ, 80ಜಿ ಅಂತ ಹೆಸರಾದ ನೋಂದಣಿ ಸಂಸ್ಥೆಗೆ ಇದ್ದರೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದೊಡ್ಡ ಮೊತ್ತ ಕೊಡುವವರಿಗೆ ಚೆಕ್ ಅಥವಾ ಯುಪಿಐ ಮೂಲಕ ಕೊಡಿ ಅಂತ ಮೊದಲೇ ಹೇಳಿ. ಇನ್ನೊಂದು ವಿಷಯ. ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನ ಫೋಟೋ ನೋಡಿ ಖುಷಿಪಟ್ಟು ಹಣ ಕಳಿಸುತ್ತೇವೆ ಅನ್ನುತ್ತಾರೆ. ಅವರದ್ದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಮೆರಿಕದ್ದೋ ಬ್ರಿಟನ್ನದ್ದೋ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ.

ಪೋಸ್ಟರ್ ಮಾಡುವಾಗ ಎಚ್ಚರ. ನೆರವು ಮಕ್ಕಳ ಆಶ್ರಮಕ್ಕೆ ಹೋಗುವುದಾದರೆ ಅಲ್ಲಿನ ಮಕ್ಕಳ ಮುಖ, ಹೆಸರು ಹಾಕಬೇಡಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ರಕ್ಷಣೆಯಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ. ಕಾನೂನು ಇಲ್ಲದಿದ್ದರೂ ಮಾಡಬಾರದ ಕೆಲಸ ಅದು.

ಎಷ್ಟು ಜನ, ಎಷ್ಟು ಹೊತ್ತು

ಒಂದು ಕುಟುಂಬಕ್ಕೆ ಹತ್ತು ನಿಮಿಷ ಅಂದುಕೊಳ್ಳಿ. ಆದರೆ ಗಂಟೆಗೆ ಆರಲ್ಲ, ಐದೇ ಕುಟುಂಬ ಅಂತ ಲೆಕ್ಕ ಹಾಕಿ. ಮಗು ಅಳುತ್ತದೆ, ಯಾರೋ ಸೀರೆ ಸರಿಮಾಡಿಕೊಳ್ಳುತ್ತಾರೆ. ಬೆಳಿಗ್ಗೆ 9.30ರಿಂದ 1, ಮಧ್ಯಾಹ್ನ 2ರಿಂದ 4.30. ಎರಡು ಕಡೆ ಫೋಟೋ ತೆಗೆದರೆ ಅರವತ್ತು ಕುಟುಂಬ. ಅದಕ್ಕಿಂತ ಜಾಸ್ತಿ ಟೋಕನ್ ಕೊಡಬೇಡಿ. ಇಬ್ಬರು ಫೋಟೋಗ್ರಾಫರ್, ಒಬ್ಬೊಬ್ಬರಿಗೆ ಒಬ್ಬ ಸಹಾಯಕ, ಟೋಕನ್‌ಗೆ ಇಬ್ಬರು, ಲ್ಯಾಪ್‌ಟಾಪ್ ಮುಂದೆ ಇಬ್ಬರು, ಹಣಕ್ಕೆ ಇಬ್ಬರು, ಲ್ಯಾಬಿಗೆ ಓಡಾಡಲು ಸ್ಕೂಟರ್ ಇರುವ ಒಬ್ಬರು. ಇನ್ನೊಬ್ಬರು ಕನ್ನಡಿ ಹತ್ತಿರ ನಿಲ್ಲಬೇಕು. ಬಾಚಣಿಗೆ, ಸೇಫ್ಟಿ ಪಿನ್, ಕುಂಕುಮ, ಮುಖ ಒರೆಸಲು ಟಿಶ್ಯೂ ಅವರ ಬಳಿ ಇರಲಿ.

ನಾವು ಒಂದು ಕುಟುಂಬಕ್ಕೆ 300 ರೂಪಾಯಿ ಇಡುತ್ತೇವೆ. ಅದರಲ್ಲಿ 6x8 ಇಂಚಿನ ಒಂದು ಪ್ರಿಂಟ್. ಹೆಚ್ಚುವರಿ ಪ್ರತಿಗೆ 100. ಅರವತ್ತರಲ್ಲಿ ಹತ್ತು ಟೋಕನ್ ಹಣವಿಲ್ಲದೆ ಕೊಡುತ್ತೇವೆ: ಪೌರಕಾರ್ಮಿಕರಿಗೆ, ಮನೆಗೆಲಸದವರಿಗೆ, ಆಶ್ರಮದ ಹಿರಿಯರಿಗೆ. ಟೋಕನ್ನಿನ ಬಣ್ಣ ಒಂದೇ ಇರಲಿ, ಯಾರದು ಉಚಿತ ಅಂತ ಸಾಲಿನಲ್ಲಿ ಗೊತ್ತಾಗಬಾರದು. ಅಮೆರಿಕದ ನ್ಯಾಶ್‌ವಿಲ್‌ನ ಫೋಟೋಗ್ರಾಫರ್ ಜೆರೆಮಿ ಕವರ್ಟ್ ಶುರುಮಾಡಿದ ಹೆಲ್ಪ್-ಪೋರ್ಟ್ರೇಟ್ ಅನ್ನುವ ಸೇವಾ ಕಾರ್ಯಕ್ರಮದಲ್ಲಿ ಎಲ್ಲ ಫೋಟೋಗಳೂ ಹೀಗೆ ಉಚಿತ. 2009ರ ಡಿಸೆಂಬರ್‌ನಲ್ಲಿ ಮೊದಲ ಸಲ ಬೇರೆ ಬೇರೆ ದೇಶಗಳಲ್ಲಿ ಒಂದೇ ದಿನ ಮಾಡಿದರು. ಹಣ ಕೂಡಿಸುವ ಕೆಲಸದೊಳಗೂ ಅದಕ್ಕೊಂದು ಜಾಗ ಇರಬೇಕು ಅನ್ನುವುದು ನನ್ನ ಹಟ.

ಐವತ್ತು ಕುಟುಂಬಕ್ಕೆ 15,000 ಆಯಿತು. ಮನೆಗೆ ಎರಡು ಹೆಚ್ಚುವರಿ ಪ್ರತಿ ಹೋದರೆ ಇನ್ನೂ 10,000. ಪ್ರಿಂಟು, ಕವರು, ಟೀ ಖರ್ಚನ್ನು ಬಡಾವಣೆಯ ಎರಡು ಮೂರು ಅಂಗಡಿಯವರಿಗೆ ಮೊದಲೇ ಕೇಳಿ ಹೊಂದಿಸಿ. ಆಗ ಬಂದಿದ್ದೆಲ್ಲ ಸಂಸ್ಥೆಗೇ.

ಬೆಳಕು, ಪರದೆ

ದುಬಾರಿ ಲೈಟ್ ಇಲ್ಲದಿದ್ದರೆ ಚಿಂತೆ ಬೇಡ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಹುಡುಕಿ. ಅಲ್ಲಿ ಮೆದು ಬೆಳಕು ಬಹಳ ಹೊತ್ತು ನಿಲ್ಲುತ್ತದೆ. ಕಿಟಕಿಯಿಂದ ಮೂರು ನಾಲ್ಕು ಅಡಿ ದೂರಕ್ಕೆ ಕುರ್ಚಿ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಕೆನ್ನೆಯ ನೆರಳು ತಾನಾಗಿ ತಿಳಿಯಾಗುತ್ತದೆ. ಒಳಗಿನ ಟ್ಯೂಬ್‌ಲೈಟ್ ಆರಿಸಿಬಿಡಿ, ಎರಡು ಬಣ್ಣದ ಬೆಳಕು ಬೆರೆತರೆ ಮುಖ ಹಸಿರಾಗಿ ಕಾಣುತ್ತದೆ. ಮೋಡ ಕವಿದರೆ ಅಂತ ಬೆಳಕನ್ನು ಮೆದು ಮಾಡುವ ಬಟ್ಟೆಯ ಮುಸುಕಿನ ಲೈಟ್, ಅಂದರೆ ಒಂದು ಸಾಫ್ಟ್‌ಬಾಕ್ಸ್ ಪಕ್ಕದಲ್ಲಿರಲಿ.

ಪರದೆಗೆ ಹೂವಿಲ್ಲದ, ಹೊಳಪಿಲ್ಲದ ಬಟ್ಟೆ. ಬೂದು ಅಥವಾ ಕಂದು. ಹತ್ತು ಅಡಿ ಅಗಲ ಇದ್ದರೆ ಆರು ಜನ ಆರಾಮಾಗಿ ಹಿಡಿಯುತ್ತಾರೆ. ಹಿಂದಿನ ರಾತ್ರಿಯೇ ಇಸ್ತ್ರಿ ಮಾಡಿ. ಕುರ್ಚಿಗೂ ಪರದೆಗೂ ಐದು ಅಡಿ ಅಂತರ ಇಟ್ಟರೆ ಹಿಂದೆ ನೆರಳು ಬೀಳುವುದಿಲ್ಲ.

ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ. ಒಬ್ಬರಿಗೆ 85 ಎಂಎಂ, ಕುಟುಂಬಕ್ಕೆ 50 ಎಂಎಂ ಲೆನ್ಸ್ ಚೆನ್ನ. ಶಟರ್ ವೇಗ 1/160 ಸೆಕೆಂಡಿಗಿಂತ ನಿಧಾನ ಬೇಡ, ವಯಸ್ಸಾದವರ ಕೈ, ಮಕ್ಕಳ ತಲೆ ಅಲ್ಲಾಡುತ್ತದೆ. ಎರಡು ಸಾಲು ನಿಂತರೆ ಅಪರ್ಚರ್ (ಲೆನ್ಸಿನ ಕಂಡಿ) ಎಫ್8 ಇರಲಿ, ಎರಡೂ ಸಾಲು ಸ್ಪಷ್ಟವಾಗಿ ಬರುತ್ತದೆ. ಬಿಳಿ ಪಂಚೆ, ಜರಿ ಸೀರೆ ಬಂದಾಗ ಬೆಳಕು ಸ್ವಲ್ಪ ಇಳಿಸಿ, ಜರಿ ಬೆಳ್ಳಗಾಗಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಕನ್ನಡಕ ಹೊಳೆಯುತ್ತಿದ್ದರೆ ಅದರ ಕಡ್ಡಿಯನ್ನು ಕಿವಿಯಿಂದ ಚೂರೇ ಮೇಲಕ್ಕೆ ಎತ್ತಿ. ಗಾಜು ಕೆಳಗೆ ಬಾಗಿ ಹೊಳಪು ಹೋಗುತ್ತದೆ.

ಕುರ್ಚಿಯಲ್ಲಿ ಕೂತವರು

ಇದರಲ್ಲಿ ಅವಸರ ಮಾಡಲೇಬೇಡಿ. ಕಳೆದ ಸಲ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಕೂತ ತಕ್ಷಣ ಎರಡೂ ಕೈ ಮಂಡಿ ಮೇಲೆ, ಬೆನ್ನು ನೆಟ್ಟಗೆ, ಉಸಿರು ಹಿಡಿದ ಮುಖ. ಗುರುತಿನ ಚೀಟಿಗೆ ಮಾತ್ರ ಫೋಟೋ ತೆಗೆಸಿಕೊಂಡವರು ಹಾಗೇ ಕೂರುತ್ತಾರೆ. ಸಹಾಯಕಿ ‘ನಗಿ ಅಜ್ಜಿ’ ಅನ್ನಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ‘ಅಜ್ಜಿ, ನಿಮ್ಮ ತವರು ಯಾವುದು?’ ಅಂತ ಕೇಳಿದಳು. ‘ನಂಜನಗೂಡು ಕಣವ್ವ’ ಅಂದರು. ಆಮೇಲೆ ಅಪ್ಪನ ರಸಬಾಳೆ ತೋಟದ ಮಾತು ಬಂತು. ಗೊನೆ ಹಣ್ಣಾದಾಗ ಮನೆಯೆಲ್ಲ ಘಮ್ಮನ್ನುತ್ತಿತ್ತು ಅನ್ನುತ್ತಾ ಒಂದು ಕೈ ಮೇಲೆತ್ತಿದರು. ಭುಜ ಇಳಿಯಿತು. ಕಣ್ಣಿಗೆ ಬೆಳಕು ಬಂತು. ಆ ಕೈ ಸೆರಗಿನ ಮೇಲೆ ವಾಪಸ್ ಬಂದ ಕ್ಷಣದಲ್ಲಿ ಫೋಟೋಗ್ರಾಫರ್ ಗುಂಡಿ ಒತ್ತಿದ್ದರು.

ಕ್ಯಾಮೆರಾ ಹಿಡಿದವರು ಕ್ಯಾಮೆರಾ ನೋಡಿಕೊಳ್ಳಲಿ, ಮಾತಿಗೆ ಬೇರೆಯವರು ಬೇಕು ಅನ್ನುವುದು ಇದಕ್ಕೇ. ಊರು, ಅಡುಗೆ, ಮದುವೆಯಾದ ವರ್ಷ, ಹಸು. ಏನಾದರೂ ಕೇಳಿ. ಕುಟುಂಬದ ಫೋಟೋ ಮುಗಿದ ಮೇಲೆ ಹಿರಿಯರನ್ನು ಒಬ್ಬೊಬ್ಬರನ್ನಾಗಿ, ಆಮೇಲೆ ದಂಪತಿಯನ್ನು ಒಟ್ಟಿಗೆ ಕೂರಿಸಿ. ‘ನಂದೊಬ್ಬಂದು ಯಾಕಪ್ಪ’ ಅನ್ನುತ್ತಾರೆ. ಒಪ್ಪಿಸಿ. ಮನೆಯವರು ಮುಂದೆ ಬಹಳ ಸಲ ನೋಡುವ ಫೋಟೋ ಅದೇ.

ಟೋಕನ್, ಆಯ್ಕೆ, ಪ್ರಿಂಟ್

ಪ್ರತಿ ಕುಟುಂಬದ ಮೊದಲ ಫೋಟೋ ಅವರ ಟೋಕನ್ ನಂಬರಿನದ್ದಾಗಿರಲಿ. ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಕೈಗೆ ಕೊಟ್ಟು ಒಂದು ಕ್ಲಿಕ್. ಇದನ್ನು ಬಿಟ್ಟ ವರ್ಷ ನಮ್ಮಲ್ಲಿ ಎರಡು ಮನೆಯ ಕವರ್ ಅದಲುಬದಲಾಯಿತು.

ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಫೋಟೋ ತೋರಿಸಿದರೆ ಮನೆಯವರು ಅರ್ಧ ಗಂಟೆ ಚರ್ಚೆ ಮಾಡುತ್ತಾರೆ. ಕಣ್ಣು ಮುಚ್ಚಿದ್ದನ್ನು ಮೊದಲೇ ತೆಗೆದು, ಒಳ್ಳೆಯ ಮೂರು ಮಾತ್ರ ತೋರಿಸಿ. ಚರ್ಮ ಬೆಳ್ಳಗೆ ಮಾಡುವ ಫಿಲ್ಟರ್ ಬೇಡವೇ ಬೇಡ. ಬೆಳಕು, ಬಣ್ಣ ಸರಿಮಾಡಿದರೆ ಸಾಕು. 6x8 ಪ್ರಿಂಟ್ ಚೆನ್ನಾಗಿ ಬರಲು 1800x2400 ಪಿಕ್ಸೆಲ್ ಬೇಕು, ಈಗಿನ ಯಾವ ಕ್ಯಾಮೆರಾದಲ್ಲೂ ಅದು ಸಿಗುತ್ತದೆ. ಪೋಸ್ಟರಿಗೋ ಪತ್ರಿಕೆಗೋ ಫೋಟೋ ಬಳಸುವ ಆಸೆ ಇದ್ದರೆ ಒಪ್ಪಿಗೆಯನ್ನು ಸಹಿ ಸಮೇತ ಪಡೆಯಿರಿ. ಮಕ್ಕಳಿದ್ದರೆ ಅಪ್ಪ ಅಮ್ಮನ ಸಹಿ. ಬೇಡ ಅಂದವರಿಗೂ ಅದೇ ಮರ್ಯಾದೆ.

ಭಾನುವಾರ ಲ್ಯಾಬ್ ತೆರೆದಿರುತ್ತದಾ ಅಂತ ವಾರದ ಮೊದಲೇ ಕೇಳಿಕೊಳ್ಳಿ. 11.30, 2.30, 5 ಗಂಟೆ ಹೀಗೆ ಮೂರು ಸಲ ಪೆನ್‌ಡ್ರೈವ್ ಕಳಿಸಿ. ‘ಆಮೇಲೆ ವಾಟ್ಸ್ಆ್ಯಪ್ ಮಾಡ್ತೀವಿ’ ಅನ್ನಬೇಡಿ. ಆ ಫೋಟೋ ಮೊಬೈಲಿನಲ್ಲಿ ಸಾವಿರ ಗುಡ್ ಮಾರ್ನಿಂಗ್ ಚಿತ್ರಗಳ ಅಡಿಗೆ ಹೋಗುತ್ತದೆ. ನಂಜನಗೂಡಿನ ಅಜ್ಜಿ ಪ್ರಿಂಟ್ ಕೈಗೆ ಬಂದ ಮೇಲೆ ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದರು. ಧೂಳು ಏನೂ ಇರಲಿಲ್ಲ.

ಲೆಕ್ಕ ಮತ್ತು ಉಳಿದ ಕವರುಗಳು

ಸಂಜೆ ಹಾಲ್ ಬಿಡುವ ಮೊದಲೇ ಇಬ್ಬರು ಕೂತು ನಗದು ಎಣಿಸಿ, ಸಂಸ್ಥೆಯವರ ಎದುರೇ ಯುಪಿಐ ಮೊತ್ತ, ರಸೀದಿ ತಾಳೆ ನೋಡಿ, ಸಹಿ ಹಾಕಿ ಅವರ ಕೈಗೆ ಕೊಡಿ. ಜಮಾ-ಖರ್ಚಿನ ಒಂದು ಹಾಳೆಯನ್ನು ಬಡಾವಣೆಯ ನೋಟಿಸ್ ಬೋರ್ಡಿಗೆ ಅಂಟಿಸಿ. ಹಾಸಿಗೆ ಬಂದ ದಿನ ಬಿಲ್ಲಿನ ನಕಲನ್ನೂ ಅದರ ಪಕ್ಕಕ್ಕೆ ಹಚ್ಚಿ.

ಫೈಲುಗಳನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿದ ಮೇಲಷ್ಟೇ ಮೆಮೊರಿ ಕಾರ್ಡ್ ಅಳಿಸಿ. ಟೋಕನ್ ನಂಬರಿನ ಪ್ರಕಾರ ಒಂದು ವರ್ಷವಾದರೂ ಇಟ್ಟುಕೊಳ್ಳಿ, ಇನ್ನೊಂದು ಪ್ರತಿ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಸಂಜೆ ನಾಲ್ಕೈದು ಕವರುಗಳು ಮೇಜಿನ ಮೇಲೆ ಉಳಿಯುತ್ತವೆ. ಕಾಯಲಾಗದೆ ಹೋದವರವು, ಬಸ್ಸಿಗೆ ಹೊತ್ತಾದವರವು. ಟೋಕನ್ ಕೊಡುವಾಗಲೇ ವಿಳಾಸ ಬರೆದುಕೊಂಡಿದ್ದರೆ ಆ ರಾತ್ರಿಯೇ ಹಂಚಿಕೊಂಡು ಮನೆಗಳಿಗೆ ಹೋಗಿ ಕೊಟ್ಟು ಬನ್ನಿ.