ಇಂಗ್ಲೆಂಡಿನ ಲೈಬ್ರರಿ ಕಾರ್ಡು: ಮಲೆನಾಡಿನಿಂದ ಹೋದವರಿಗೆ

ಶಿವಮೊಗ್ಗದಲ್ಲೋ ಸಾಗರದಲ್ಲೋ ಮನೆ ಕಂದಾಯ ಕಟ್ಟುವವರಿಗೆ ಗ್ರಂಥಾಲಯ ಕರ ಹೊಸದಲ್ಲ. 1965ರ ಕಾಯ್ದೆಯಿಂದ ಬಂದ ಆ ಕರ ಈಗ ಆಸ್ತಿ ತೆರಿಗೆಯ ಮೇಲೆ ಶೇ 6. ಇಂಗ್ಲೆಂಡಿನಲ್ಲೂ ಲೈಬ್ರರಿ ನಡೆಸುವುದು ಸ್ಥಳೀಯ ಕೌನ್ಸಿಲ್ಲೇ. ಆದರೂ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಂದ ಎಷ್ಟೋ ಮಂದಿ ವರ್ಷಗಟ್ಟಲೆ ಅದರ ಮುಂದೆಯೇ ಓಡಾಡಿದರೂ ಒಳಗೆ ಕಾಲಿಡುವುದಿಲ್ಲ. ಠೇವಣಿ ಎಷ್ಟೋ, ಜಾಮೀನು ಯಾರದೋ ಎಂಬ ಸಂಕೋಚ. ಎರಡೂ ಬೇಕಿಲ್ಲ.

ಇಲ್ಲಿನ ನಿಯಮಗಳಲ್ಲಿ ಕೆಲವು ವಿಚಿತ್ರ ಅನ್ನಿಸುತ್ತವೆ. ಕಾರಣ ಹಳೆಯ ಕಾಯ್ದೆಗಳಲ್ಲಿದೆ. ವಿಲಿಯಂ ಯೂವರ್ಟ್ ಎಂಬ ಸಂಸದ ಹಟ ಹಿಡಿದು ತಂದ 1850ರ ಕಾಯ್ದೆ, 10,000ಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳಿಗೆ ಆಸ್ತಿಯ ತೆರಿಗೆ ಮೌಲ್ಯದ ಪ್ರತಿ ಪೌಂಡಿಗೆ ಅರ್ಧ ಪೆನ್ನಿಯಂತೆ ಲೈಬ್ರರಿ ತೆರಿಗೆ ಹಾಕಲು ಅನುಮತಿ ಕೊಟ್ಟಿತು. ಆದರೆ ಆ ದುಡ್ಡಿನಲ್ಲಿ ಪುಸ್ತಕ ಕೊಳ್ಳುವಂತಿರಲಿಲ್ಲ! ಕಟ್ಟಡ ನಮ್ಮದು, ಪುಸ್ತಕ ದಾನಿಗಳದು ಎಂಬ ಲೆಕ್ಕ. 1852ರಲ್ಲಿ ಮ್ಯಾಂಚೆಸ್ಟರ್ ತನ್ನ ಲೈಬ್ರರಿ ತೆರೆಯಿತು. 1855ರಲ್ಲಿ ತೆರಿಗೆ ಒಂದು ಪೆನ್ನಿಗೆ ಏರಿ, ಪುಸ್ತಕ ಕೊಳ್ಳಲೂ ಅವಕಾಶವಾಯಿತು. ಆಮೇಲೆ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಕಟ್ಟಡಕ್ಕೆ ದುಡ್ಡು ಸುರಿದರು, ಒಂದು ಷರತ್ತಿನ ಮೇಲೆ: ಜಾಗ ಊರಿನದು, ನಡೆಸುವ ಖರ್ಚೂ ಊರಿನದು. ಒಂದು ಪೆನ್ನಿಯ ಮಿತಿ ಹೋಗಿ, ಕೌಂಟಿಗಳೂ (ನಮ್ಮ ಜಿಲ್ಲೆಗಳಂಥವು) ಲೈಬ್ರರಿ ನಡೆಸುವ ಹಾಗಾಗಿದ್ದು 1919ರಲ್ಲಿ. ಹೀಗೆ ಊರೂರಿನ ತೆರಿಗೆಯಲ್ಲಿ ಬೆಳೆದದ್ದರಿಂದಲೇ ಇವತ್ತಿಗೂ ಇಡೀ ದೇಶಕ್ಕೆ ಒಂದೇ ಕಾರ್ಡು ಅಂತ ಇಲ್ಲ. ಮನೆ ಬದಲಿಸಿ ಪಕ್ಕದ ಕೌನ್ಸಿಲ್ಲಿಗೆ ಹೋದರೆ ಸಾಮಾನ್ಯವಾಗಿ ಹೊಸ ಕಾರ್ಡೇ ಬೇಕು.

ನಿಮಗೆ ನೇರವಾಗಿ ತಾಗುವುದು 1964ರ ಕಾಯ್ದೆ. ಅದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ, ಸ್ಕಾಟ್ಲೆಂಡಿನದು ಬೇರೆ. ಅದರ ಪ್ರಕಾರ ಲೈಬ್ರರಿ ನಡೆಸುವುದು ಕೌನ್ಸಿಲ್ಲಿನ ಕರ್ತವ್ಯ. ಆ ವ್ಯಾಪ್ತಿಯಲ್ಲಿ ವಾಸಿಸುವ, ಕೆಲಸ ಮಾಡುವ ಅಥವಾ ಪೂರ್ಣಾವಧಿ ಓದುವ ಯಾರಿಗೇ ಆದರೂ ಪುಸ್ತಕ ಪುಕ್ಕಟೆ ಕೊಡಬೇಕು. ನೀವು ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತೀರೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಒಳಗೆ ಕೂತು ಓದಲಿಕ್ಕಂತೂ ಕಾರ್ಡೂ ಬೇಡ. ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮನನ್ನು ಬೆಳಿಗ್ಗೆ ಅಲ್ಲಿ ಬಿಟ್ಟು ಬರಬಹುದು. ಎಷ್ಟೋ ಕಡೆ ತಾತ್ಕಾಲಿಕ ಸದಸ್ಯತ್ವವೂ ಸಿಗುತ್ತದೆ, ಕೌಂಟರಿನಲ್ಲಿ ಕೇಳಿ. ಇಲ್ಲದಿದ್ದರೆ ನಿಮ್ಮ ಕಾರ್ಡಿನಲ್ಲೇ ತೆಗೆದುಕೊಡಿ.

ಕಾರ್ಡು ಮಾಡಿಸಲು ಮೊದಲು ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ ತುಂಬಿ; ಆಮೇಲೆ ವಿಳಾಸದ ದಾಖಲೆ ಹಿಡಿದು ಶಾಖೆಗೆ ಹೋಗಿ. ಬಾಡಿಗೆ ಕರಾರು ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಕಾರ್ಡಿನ ಜೊತೆ ಕೊಡುವ ಪಿನ್ ಬರೆದಿಟ್ಟುಕೊಳ್ಳಿ. ಮನೆಯಿಂದ ಅವಧಿ ವಿಸ್ತರಿಸಲು, ಮೊಬೈಲಿನಲ್ಲಿ ಇ-ಪುಸ್ತಕ ಓದಲು ಅದೇ ಬೇಕು. ಇ-ಪುಸ್ತಕಕ್ಕೆ ಲಿಬ್ಬಿ ಆ್ಯಪೋ ಬಾರೋಬಾಕ್ಸ್ ಆ್ಯಪೋ, ನಿಮ್ಮ ಕೌನ್ಸಿಲ್ ಯಾವುದಕ್ಕೆ ಚಂದಾ ಕಟ್ಟಿದೆಯೋ ಅದು. ಅವಧಿ ಮುಗಿದ ಇ-ಪುಸ್ತಕ ತಾನಾಗಿಯೇ ವಾಪಸಾಗುತ್ತದೆ, ದಂಡದ ಮಾತಿಲ್ಲ.

ಪುಸ್ತಕ ತೆಗೆದುಕೊಳ್ಳುವುದು ಹೆಚ್ಚಿನ ಕಡೆ ಯಂತ್ರದಲ್ಲಿ. ಕಾರ್ಡು ತೋರಿಸಿ, ಪಿನ್ ಒತ್ತಿ, ಪುಸ್ತಕಗಳನ್ನು ಹಲಗೆಯ ಮೇಲಿಡಿ. ಪುಸ್ತಕದೊಳಗಿನ ಚಿಪ್ ಅನ್ನು ಯಂತ್ರ ಓದಿಕೊಳ್ಳುತ್ತದೆ. ಎಡವಟ್ಟಾಗುವುದು ಇಲ್ಲೇ. ಎತ್ತರವಾಗಿ ಪೇರಿಸಿಟ್ಟರೆ ಒಂದೆರಡು ಬಿಟ್ಟುಹೋಗಬಹುದು, ಬಾಗಿಲಲ್ಲಿ ಬೀಪ್ ಕೂಗಿ ಎಲ್ಲರೂ ತಿರುಗಿ ನೋಡುತ್ತಾರೆ. ವಾಪಸು ಕೊಡುವಾಗ ಬಿಟ್ಟುಹೋದರೆ ಇನ್ನೂ ಫಜೀತಿ: ಪುಸ್ತಕ ಕಪಾಟು ಸೇರಿರುತ್ತದೆ, ಬಾಕಿ ನಿಮ್ಮ ಹೆಸರಲ್ಲಿರುತ್ತದೆ. ಮೂರು ನಾಲ್ಕರಂತೆ ಇಡಿ, ಪರದೆಯ ಮೇಲಿನ ಸಂಖ್ಯೆ ಎಣಿಸಿ, ಚೀಟಿ ತೆಗೆದುಕೊಳ್ಳಿ.

ಅವಧಿ ಸಾಮಾನ್ಯವಾಗಿ 3 ವಾರ. ಬೇರೆಯವರು ಕಾಯ್ದಿರಿಸಿದ್ದರೆ ವಿಸ್ತರಣೆ ಸಿಗದು. ಎರವಲು ಪುಕ್ಕಟೆಯಾದರೂ ಕಾಯ್ದಿರಿಸುವುದಕ್ಕೆ, ತಡ ಮಾಡಿದ್ದಕ್ಕೆ ಶುಲ್ಕ ಹಾಕಲು ಕಾನೂನಿನಲ್ಲಿ ಜಾಗವಿದೆ. ಈಗ ಹಲವು ಕೌನ್ಸಿಲ್‌ಗಳು ದಂಡವನ್ನೇ ತೆಗೆದಿವೆ. ಕಾಯ್ದಿರಿಸಿದ ಪುಸ್ತಕ ಬಂದಾಗ ಅದನ್ನು ಪ್ರತ್ಯೇಕ ಕಪಾಟಿನಲ್ಲಿ ಸರ್‌ನೇಮ್ ಪ್ರಕಾರ ಇಡುವ ಶಾಖೆಗಳಿವೆ. ನಮ್ಮವರ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರುವುದುಂಟು. ಪುಸ್ತಕ ಕಾಣದಿದ್ದರೆ ಅಪ್ಪನ ಹೆಸರಿನಡಿ ಹುಡುಕಿ.

ಹಳ್ಳಿಗಾಡಿನಲ್ಲಿರುವವರು ಸಂಚಾರಿ ಲೈಬ್ರರಿಯ ವೇಳಾಪಟ್ಟಿ ಕೇಳಿ. ಕೆಲವು ಕೌಂಟಿಗಳಲ್ಲಿ ವ್ಯಾನು ಕೆಲವು ವಾರಗಳಿಗೊಮ್ಮೆ ಬರುತ್ತದೆ. ನಮ್ಮ ಒಂಟಿಮನೆಗಳ ಊರುಗಳಿಗೂ ಇಂಥದ್ದೊಂದು ಬೇಕಿತ್ತು. ಮಕ್ಕಳಿದ್ದರೆ ಬೇಸಿಗೆ ರಜೆಯ ಓದಿನ ಸವಾಲಿಗೆ ಸೇರಿಸಿ. 4ರಿಂದ 11 ವರ್ಷದವರಿಗೆ, ಪುಕ್ಕಟೆ. ಸಾಮಾನ್ಯ ಗುರಿ 6 ಪುಸ್ತಕ.

ಇನ್ನು ಕನ್ನಡ. ಶಾಖೆಗಳಲ್ಲಿ ಗುಜರಾತಿ, ಪಂಜಾಬಿ, ತಮಿಳು ಸಿಕ್ಕರೂ ಕನ್ನಡ ಅಪರೂಪ. ಪುಸ್ತಕ ಸೂಚಿಸುವ ಫಾರಂ ಇರುತ್ತದೆ. ಒಬ್ಬರೇ ಬರೆಯುವುದಕ್ಕಿಂತ ಆಸುಪಾಸಿನ ನಾಲ್ಕು ಮನೆಯವರು ಬರೆದರೆ ಬೇಡಿಕೆ ಕಣ್ಣಿಗೆ ಬೀಳುತ್ತದೆ. ಹಳೆಯ ಮುದ್ರಣಗಳು ಬೇಕಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಹೋಗಬೇಕು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಕನ್ನಡ ಪುಸ್ತಕಗಳ ಪಟ್ಟಿಯನ್ನು ವಿದ್ವಾಂಸ ಎಲ್.ಡಿ. ಬಾರ್ನೆಟ್ 1910ರಲ್ಲೇ ಅಚ್ಚು ಹಾಕಿಸಿದ್ದರು. ಆ ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪುಸ್ತಕ ಮನೆಗೆ ಕೊಡುವುದಿಲ್ಲ. ಗುರುತು ಮತ್ತು ವಿಳಾಸದ ದಾಖಲೆ ತೋರಿಸಿ ಪುಕ್ಕಟೆ ಪಾಸ್ ಮಾಡಿಸಿ, ಬೇಕಾದ್ದನ್ನು ಮುಂಚಿತವಾಗಿ ತರಿಸಲು ಹೇಳಿ, ವಾಚನಾಲಯದಲ್ಲಿ ಕೂತು ಓದಬೇಕು. ಟಿಪ್ಪಣಿಗೆ ಪೆನ್ಸಿಲ್ ಒಯ್ಯಿರಿ, ಪೆನ್ನು ಒಳಗೆ ಬಿಡುವುದಿಲ್ಲ.